ಕುಡಿತ ತಗ್ಗಿಸಲು ಇತರರ ನೆರವು ಪಡೆಯುವ ಬಗೆ

ಕುಡಿತ ಕಡಿಮೆ ಮಾಡಬೇಕೆಂದು ಮನಸ್ಸು ಮಾಡಿದವರಲ್ಲಿ ಅನೇಕರು ಆ ವಿಷಯವನ್ನು ಯಾರೊಂದಿಗೂ ಹೇಳಿಕೊಳ್ಳುವುದಿಲ್ಲ. ಹೇಳಿದ ಮೇಲೆ ಪಾಲಿಸಲಾಗದಿದ್ದರೆ ಮುಖಭಂಗವಾದೀತೆಂಬ ಅಂಜಿಕೆ ಒಂದು ಕಡೆ. ‘ನನಗೇನು ಅಂಥ ಚಟವಿಲ್ಲ, ಬೇಕೆಂದಾಗ ಬಿಡಬಲ್ಲೆ’ ಎಂಬ ಬಿಗುಮಾನ ಇನ್ನೊಂದು ಕಡೆ. ಗುಟ್ಟಾಗಿ ಮಾಡಿದ ನಿರ್ಧಾರವನ್ನು ಗುಟ್ಟಾಗಿಯೇ ಕೈಬಿಡಬಹುದಾದ್ದರಿಂದ ಅದು ಹೆಚ್ಚು ದಿನ ಬಾಳುವುದಿಲ್ಲ. ಧೈರ್ಯ ಮಾಡಿ ಹೇಳಿದವರೂ ಸಾಮಾನ್ಯವಾಗಿ ‘ನನಗೆ ಸ್ವಲ್ಪ ಸಪೋರ್ಟ್ ಮಾಡಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಕೇಳಿಸಿಕೊಂಡವರಿಗೆ ತಾವು ಮಾಡಬೇಕಾದುದೇನೆಂದು ತಿಳಿಯದೆ ಒಬ್ಬರು ಉಪದೇಶಕ್ಕಿಳಿಯುತ್ತಾರೆ, ಇನ್ನೊಬ್ಬರು ಬಾಯಿ ವಾಸನೆ ನೋಡಲು ಶುರುಮಾಡುತ್ತಾರೆ, ಮತ್ತೊಬ್ಬರು ಮರೆತೇಬಿಡುತ್ತಾರೆ. ಆದ್ದರಿಂದ ಯಾರಿಂದ, ಯಾವ ಹೊತ್ತಿನಲ್ಲಿ, ಯಾವ ಕೆಲಸ ಆಗಬೇಕೆಂಬುದನ್ನು ಮೊದಲು ತಾವೇ ಖಚಿತಪಡಿಸಿಕೊಂಡು, ಆಮೇಲೆ ನೆರವು ಕೇಳಬೇಕು. ಅದನ್ನು ಮಾಡುವ ಕ್ರಮವನ್ನು ಮುಂದೆ ವಿವರಿಸಲಾಗಿದೆ.

ಮೊದಲ ಹೆಜ್ಜೆ: ನೇರವಾಗಿ ಕಡಿಮೆ ಮಾಡಬಹುದೇ, ವೈದ್ಯರನ್ನು ಕಾಣಬೇಕೇ?

ಎಲ್ಲಕ್ಕಿಂತ ಮುಂಚೆ ಇದು ಇತ್ಯರ್ಥವಾಗಬೇಕು. ಮದ್ಯವು ಮಿದುಳಿನ ಚಟುವಟಿಕೆಯನ್ನು ಮಂದಗೊಳಿಸುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುವವರಲ್ಲಿ ಆ ಮಂದಗತಿಯನ್ನು ಸರಿದೂಗಿಸಲು ಮಿದುಳು ತನ್ನನ್ನು ತಾನೇ ಸದಾ ಉದ್ರೇಕದ ಸ್ಥಿತಿಯಲ್ಲಿ ಇಟ್ಟುಕೊಳ್ಳಲು ಕಲಿತಿರುತ್ತದೆ. ಒಮ್ಮೆಲೇ ಕುಡಿತ ನಿಂತಾಗ ಅದನ್ನು ತಡೆದು ಹಿಡಿಯುವ ಮದ್ಯ ಇಲ್ಲವಾಗಿ ಉದ್ರೇಕವೊಂದೇ ಉಳಿಯುತ್ತದೆ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ಎದೆಬಡಿತ, ವಾಕರಿಕೆ, ತಳಮಳ, ನಿದ್ರೆ ಬಾರದಿರುವುದು ಮುಂತಾದವು ಕಾಣಿಸಿಕೊಳ್ಳಬಹುದು. ಕೆಲವರಿಗೆ ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕು ದಿನಗಳ ನಡುವೆ ದಿಕ್ಕುದೆಸೆ ತಿಳಿಯದ ಗೊಂದಲ, ಇಲ್ಲದ್ದು ಕಾಣುವುದು, ಕೇಳುವುದು, ಜ್ವರ, ವಿಪರೀತ ನಡುಕ ಸೇರಿದ ಡೆಲಿರಿಯಮ್ ಟ್ರೆಮೆನ್ಸ್ ಎಂಬ ಸ್ಥಿತಿ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಅದು ಪ್ರಾಣಕ್ಕೇ ಎರವಾಗಬಹುದು.

ಹೀಗಾಗಿ, ಬೆಳಿಗ್ಗೆ ಎದ್ದೊಡನೆ ಕೈನಡುಕ ನಿಲ್ಲಿಸಲು ಕುಡಿಯಬೇಕಾಗುವವರು, ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಅಥವಾ ಭ್ರಮೆ ಕಂಡವರು, ದಿನಾಲೂ ಹೆಚ್ಚು ಪ್ರಮಾಣದಲ್ಲಿ ಕುಡಿಯುವವರು ಸ್ನೇಹಿತರ ಬೆಂಬಲವೊಂದನ್ನೇ ನಂಬಿ ಹೊರಡಬಾರದು, ಒಂದೇಟಿಗೆ ನಿಲ್ಲಿಸಲೂಬಾರದು. ಅವರಿಗೆ ಬೇಕಾದ ಮೊದಲ ಜೊತೆಗಾರ ವೈದ್ಯರು. ಕೆಲವು ದಿನಗಳ ಮಟ್ಟಿಗೆ ಕೊಡುವ ಔಷಧಗಳು ಮತ್ತು ಥಯಾಮಿನ್ ಎಂಬ ಬಿ1 ಜೀವಸತ್ವದಿಂದ ಈ ಘಟ್ಟವನ್ನು ಸುರಕ್ಷಿತವಾಗಿ ದಾಟಿಸಬಹುದು. ಈ ಔಷಧಗಳನ್ನು ತಾವೇ ಅಂಗಡಿಯಿಂದ ತಂದು ಮದ್ಯದ ಜೊತೆ ನುಂಗಿದರೆ ಉಸಿರಾಟವೇ ಕುಗ್ಗುವ ಅಪಾಯವಿದೆ. ಗರ್ಭಿಣಿಯರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ, ಮದ್ಯದೊಂದಿಗೆ ಹೊಂದದ ಔಷಧ ತೆಗೆದುಕೊಳ್ಳುತ್ತಿರುವವರಿಗೆ ‘ಕಡಿಮೆ ಮಾಡುವುದು’ ಗುರಿಯಾಗಲಾರದು, ಪೂರ್ತಿ ಬಿಡುವುದೇ ಗುರಿ. ಬಿಡುವ ಕ್ರಮವನ್ನು ಮಾತ್ರ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

ಎಷ್ಟು ಕುಡಿಯುತ್ತಿದ್ದೀರಿ ಎಂಬುದನ್ನು ಗ್ರಾಮಿನಲ್ಲಿ ಲೆಕ್ಕ ಹಾಕಿ

‘ಎರಡು ಪೆಗ್’, ‘ಒಂದು ಬಿಯರ್’ ಎಂಬ ಲೆಕ್ಕ ಸುಳ್ಳು ಹೇಳುವುದು ಸುಲಭ. ಮನೆಯಲ್ಲಿ ಸುರಿದುಕೊಳ್ಳುವ ಪೆಗ್ಗಿಗೆ ಅಳತೆಯಿರುವುದಿಲ್ಲ. ಬಿಯರಿನಲ್ಲೂ ಮೆದುವಾದದ್ದು, ಸ್ಟ್ರಾಂಗ್ ಎಂದು ಅಜಗಜಾಂತರವಿದೆ. ಸರಿಯಾದ ಲೆಕ್ಕಕ್ಕೆ ಬಾಟಲಿಯ ಮೇಲಿನ ಎರಡು ಅಂಕಿಗಳು ಸಾಕು: ಕುಡಿದದ್ದು ಎಷ್ಟು ಮಿಲಿಲೀಟರ್, ಅದರಲ್ಲಿ ಆಲ್ಕೋಹಾಲ್ ಶೇಕಡಾ ಎಷ್ಟು. ಇವೆರಡನ್ನು ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.8ರಿಂದ ಗುಣಿಸಿದರೆ ಶುದ್ಧ ಆಲ್ಕೋಹಾಲಿನ ತೂಕ ಸುಮಾರಾಗಿ ಗ್ರಾಮಿನಲ್ಲಿ ಸಿಗುತ್ತದೆ. ಶೇ 5ರ ಬಿಯರ್ 330 ಮಿಲಿಲೀಟರ್ ಕುಡಿದರೆ 13 ಗ್ರಾಂ. ಅಷ್ಟೇ ಪ್ರಮಾಣದ ಶೇ 8ರ ಬಿಯರ್ ಆದರೆ 21 ಗ್ರಾಂ. ಶೇ 42ರ ವಿಸ್ಕಿ 60 ಮಿಲಿಲೀಟರಿಗೆ 20 ಗ್ರಾಂ. ಶೇ 12ರ ವೈನ್ 150 ಮಿಲಿಲೀಟರಿಗೆ 14 ಗ್ರಾಂ. ‘ನಾನು ಬಿಯರ್ ಮಾತ್ರ ಕುಡಿಯುವುದು’ ಎಂಬ ಸಮಾಧಾನ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ಸಾಮಾನ್ಯವಾಗಿ ಒಂದು ಪ್ರಮಾಣಬದ್ಧ ಡ್ರಿಂಕ್ ಎಂದರೆ 10 ಗ್ರಾಂ ಎಂದು ಹಿಡಿಯುತ್ತದೆ. ಅಮೆರಿಕದಲ್ಲಿ ಅದು 14 ಗ್ರಾಂ, ಬ್ರಿಟನ್ನಿನ ಒಂದು ಯೂನಿಟ್ 8 ಗ್ರಾಂ. ಆದ್ದರಿಂದ ‘ವಾರಕ್ಕೆ ಇಷ್ಟು ಡ್ರಿಂಕ್’ ಎಂಬ ಸಲಹೆ ಓದಿದಾಗ ಅದು ಯಾವ ದೇಶದ ಡ್ರಿಂಕ್ ಎಂದು ನೋಡಿಕೊಳ್ಳಬೇಕು. ಎರಡು ವಾರ ಏನನ್ನೂ ಬದಲಿಸದೆ ಬರೀ ಬರೆದಿಡಿ: ದಿನ, ಹೊತ್ತು, ಎಷ್ಟು ಗ್ರಾಂ, ಯಾರ ಜೊತೆ, ಕುಡಿಯುವ ಮುಂಚೆ ಮನಸ್ಸು ಹೇಗಿತ್ತು. ಇದರಲ್ಲಿ ಕೊನೆಯ ಎರಡು ಕಾಲಂಗಳೇ ಮುಂದೆ ಹೆಚ್ಚು ಉಪಯೋಗಕ್ಕೆ ಬರುವಂಥವು. ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನೂ ತುಂಬಿ ನೋಡಬಹುದು. ಒಟ್ಟು 40 ಅಂಕಗಳಲ್ಲಿ 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಹಾದಿಯಲ್ಲಿದೆ ಎಂದೂ, 20 ಅಥವಾ ಹೆಚ್ಚು ಬಂದರೆ ಅವಲಂಬನೆ ಇದೆಯೇ ಎಂದು ತಜ್ಞರಿಂದ ಪರೀಕ್ಷೆ ಆಗಬೇಕೆಂದೂ ತಿಳಿಯಬೇಕು.

ಮಿತಿಯನ್ನು ಬರೆದಿಡಿ

‘ಆದಷ್ಟು ಕಡಿಮೆ’ ಎಂಬುದು ಮಿತಿಯಲ್ಲ, ಏಕೆಂದರೆ ಅದನ್ನು ಮೀರಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಕುಡಿದವರಿಗೂ ಗೊತ್ತಾಗುವುದಿಲ್ಲ. ವಾರದಲ್ಲಿ ಯಾವ ದಿನಗಳು ಪೂರ್ತಿ ಖಾಲಿ, ಉಳಿದ ದಿನಗಳಲ್ಲಿ ಹೆಚ್ಚೆಂದರೆ ಎಷ್ಟು ಗ್ರಾಂ, ಯಾವ ಗಂಟೆಗೆ ಮುಂಚೆ ಮುಟ್ಟುವುದಿಲ್ಲ, ಯಾವ ಸಂದರ್ಭದಲ್ಲಿ ಎಂದಿಗೂ ಇಲ್ಲ ಎಂಬ ನಾಲ್ಕು ಸಾಲು ಸಾಕು. ವಾಹನ ಓಡಿಸುವುದಿರುವ ದಿನ, ಕೋಪ ಬಂದಿರುವ ದಿನ, ಒಬ್ಬರೇ ಇರುವ ರಾತ್ರಿ ಇವು ಕೊನೆಯ ಸಾಲಿಗೆ ಸೇರಬೇಕಾದವು. ಈ ಮಿತಿಯನ್ನು ಸುರಕ್ಷಿತ ಪ್ರಮಾಣವೆಂದು ಭಾವಿಸಬಾರದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು; ಯಾವ ಪ್ರಮಾಣವೂ ನಿರಪಾಯಕಾರಿಯಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮಿತಿ ಎನ್ನುವುದು ಹೆಚ್ಚಿನಿಂದ ಕಡಿಮೆಗೆ ಇಳಿಯಲು ಇಟ್ಟುಕೊಂಡ ಮೆಟ್ಟಿಲು ಅಷ್ಟೇ.

ಯಾರನ್ನು ಕೇಳಬೇಕು?

ಒಬ್ಬರೇ ಎಲ್ಲವನ್ನೂ ಮಾಡಲಾರರು. ಊರೆಲ್ಲ ಸೇರಿ ಮಾಡುವ ಕೆಲಸವೂ ಇದಲ್ಲ. ಇಬ್ಬರು ಅಥವಾ ಮೂವರು ಸಾಕು, ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಕೆಲಸ ಇರಬೇಕು.

ಮುಖ್ಯ ಜೊತೆಗಾರರಾಗಿ ಆರಿಸಿಕೊಳ್ಳುವವರಲ್ಲಿ ಮೂರು ಗುಣ ನೋಡಬೇಕು. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ಎತ್ತಬೇಕು. ಕೆಟ್ಟ ಸುದ್ದಿ ಕೇಳಿದಾಗ ಹೌಹಾರಬಾರದು, ಹಂಗಿಸಬಾರದು. ಕೇಳಿದ್ದು ಅವರ ಹೊಟ್ಟೆಯಲ್ಲೇ ಉಳಿಯಬೇಕು. ಇವರು ಗಂಡ ಅಥವಾ ಹೆಂಡತಿಯೇ ಆಗಬೇಕೆಂಬ ನಿಯಮವೇನೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಬಹಳ ಮನೆಗಳಲ್ಲಿ ಅವರಲ್ಲದಿರುವುದೇ ಲೇಸು. ಕುಡಿತದಿಂದ ಅತಿ ಹೆಚ್ಚು ನೊಂದವರು ಅವರೇ ಆಗಿರುತ್ತಾರೆ. ಲೆಕ್ಕ ಒಪ್ಪಿಸಬೇಕಾದ ಜಾಗದಲ್ಲಿ ಅವರನ್ನು ಕೂರಿಸಿದರೆ ಪ್ರತಿ ಸಂಜೆಯ ಮಾತೂ ಹಳೆಯ ಜಗಳಕ್ಕೆ ತಿರುಗುತ್ತದೆ. ಸಂಗಾತಿಗೆ ನಿರ್ಧಾರ ಗೊತ್ತಿರಲಿ, ಮನೆಯಲ್ಲಿ ದಾಸ್ತಾನು ಇಡದಿರುವಂಥ ಒಂದೆರಡು ಕೆಲಸ ಅವರ ಪಾಲಿಗಿರಲಿ. ದಿನದಿನದ ವರದಿ ಮಾತ್ರ ಅಣ್ಣ, ಅಕ್ಕ, ಹಳೆಯ ಗೆಳೆಯ, ಸಹೋದ್ಯೋಗಿ ಇಂಥ ಸ್ವಲ್ಪ ದೂರದವರಿಗೆ ಹೋಗಲಿ. ಮಕ್ಕಳಿಗೆ ಈ ಹೊರೆಯನ್ನು ಎಂದಿಗೂ ಹೊರಿಸಬಾರದು. ಅಪ್ಪನ ಲೋಟ ಎಣಿಸುವುದು ಮಗುವಿನ ಕೆಲಸವಲ್ಲ.

ಎರಡನೆಯವರು ಕುಡಿಯುವ ಕೂಟದೊಳಗಿನವರೇ ಆಗಿದ್ದರೆ ಒಳ್ಳೆಯದು. ಅವರು ತಾವು ಕುಡಿತ ಬಿಡಬೇಕಾಗಿಲ್ಲ. ಉಳಿದವರು ‘ಒಂದೇ ಒಂದು ತಗೊಳ್ಳೋ, ಏನಾಗಲ್ಲ’ ಎಂದು ಒತ್ತಾಯ ಮಾಡಿದಾಗ ‘ಅವನ ಪಾಡಿಗೆ ಬಿಡ್ರೋ’ ಎಂದು ಒಂದು ಮಾತು ಹೇಳುವವರೊಬ್ಬರು ಮೇಜಿನ ಬಳಿ ಇದ್ದರೆ ಸಾಕು. ಹೊರಗಿನವರ ನೂರು ಬುದ್ಧಿಮಾತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಮೂರನೆಯವರು ವೈದ್ಯರು ಅಥವಾ ಆಪ್ತಸಮಾಲೋಚಕರು.

ಕೇಳುವ ಮಾತು ಹೇಗಿರಬೇಕು?

ಕುಡಿಯದೆ ಇರುವ ಹೊತ್ತಿನಲ್ಲಿ, ಬೆಳಗಿನ ವೇಳೆಯಾದರೆ ಇನ್ನೂ ಉತ್ತಮ, ಎದುರಾಎದುರು ಕುಳಿತು ಕೇಳಬೇಕು. ಉದಾಹರಣೆಗೆ ಹೀಗೆ ಹೇಳಬಹುದು: ‘ನಾನು ಕುಡಿಯೋದನ್ನ ಕಮ್ಮಿ ಮಾಡ್ತಾ ಇದೀನಿ. ಸೋಮವಾರದಿಂದ ಗುರುವಾರದವರೆಗೆ ಪೂರ್ತಿ ಇಲ್ಲ. ಸಂಜೆ ಏಳರಿಂದ ಒಂಬತ್ತು ನನಗೆ ಕಷ್ಟದ ಹೊತ್ತು. ಆಗ ನಾನು ಫೋನ್ ಮಾಡಿದರೆ ಒಂದು ಹತ್ತು ನಿಮಿಷ ಮಾತಾಡ್ತೀಯಾ? ಕುಡಿತದ ಬಗ್ಗೆ ಮಾತಾಡಬೇಕಂತಿಲ್ಲ, ಬೇರೆ ಏನಾದರೂ ಮಾತಾಡು. ಮಿತಿ ಮೀರಿದ ದಿನ ನಾನೇ ಹೇಳ್ತೀನಿ, ನೀನಾಗಿ ಕೇಳೋದು ಬೇಡ. ಮೂರು ತಿಂಗಳ ಮಟ್ಟಿಗೆ ಇದೊಂದು ಮಾಡು.’

ಈ ಮಾತಿನಲ್ಲಿ ಕೆಲಸ ಇಷ್ಟೇ ಎಂದಿದೆ, ಹೊತ್ತು ಇಂಥದ್ದೇ ಎಂದಿದೆ, ಏನು ಮಾಡಬಾರದೆಂದಿದೆ, ಅವಧಿಯೂ ಇದೆ. ಅವಧಿ ಇಲ್ಲದ ಕೋರಿಕೆಗೆ ಒಪ್ಪಿಕೊಂಡವರು ಕೆಲವೇ ವಾರಗಳಲ್ಲಿ ಬೇಸತ್ತು ಫೋನ್ ಎತ್ತುವುದನ್ನು ಕಡಿಮೆ ಮಾಡುತ್ತಾರೆ, ಅದನ್ನು ನೆರವು ಬೇಡಿದವರು ತಿರಸ್ಕಾರವೆಂದು ತಿಳಿಯುತ್ತಾರೆ. ‘ಆಗಲ್ಲ’ ಎನ್ನುವ ಸ್ವಾತಂತ್ರ್ಯವನ್ನೂ ಎದುರಿನವರಿಗೆ ಕೊಟ್ಟೇ ಕೇಳಬೇಕು. ಸಂಕೋಚಕ್ಕೆ ಒಪ್ಪಿದವರಿಂದ ಉಪಯೋಗವಿಲ್ಲ.

ದಿನನಿತ್ಯದ ವ್ಯವಸ್ಥೆ

ಕುಡಿಯಬೇಕೆಂಬ ತುಡಿತ ಏರುತ್ತಲೇ ಹೋಗುತ್ತದೆಂದು ಅದರೊಳಗಿರುವಾಗ ಅನಿಸುತ್ತದೆ. ವಾಸ್ತವದಲ್ಲಿ ಅದು ಏರಿ, ಸ್ವಲ್ಪ ಹೊತ್ತು ನಿಂತು, ಸಾಮಾನ್ಯವಾಗಿ ಅರ್ಧ ಗಂಟೆಯ ಒಳಗೆ ತಾನಾಗಿ ಇಳಿಯುತ್ತದೆ. ಜೊತೆಗಾರರ ಫೋನ್ ಇರುವುದು ಆ ಅರ್ಧ ಗಂಟೆಯನ್ನು ಕಳೆಯುವುದಕ್ಕಾಗಿ. ಆದ್ದರಿಂದ ಲೋಟ ಕೈಗೆ ಬಂದ ಮೇಲಲ್ಲ, ಮನಸ್ಸು ಲೆಕ್ಕಾಚಾರ ಶುರುಮಾಡಿದಾಗಲೇ ಕರೆ ಮಾಡಬೇಕು. ‘ಇವತ್ತು ಕೆಲಸ ಜಾಸ್ತಿ ಆಯ್ತು’, ‘ನಾಳೆ ಹೇಗೂ ರಜೆ’, ‘ನಿನ್ನೆ ಕುಡಿದಿಲ್ಲವಲ್ಲ’ ಎಂಬ ವಾಕ್ಯಗಳು ಒಳಗೆ ಕೇಳಿಸತೊಡಗಿದರೆ ಅದೇ ಕರೆಯ ಹೊತ್ತು. ಹಿಂದೆ ಬರೆದಿಟ್ಟ ಎರಡು ವಾರಗಳ ಪುಸ್ತಕ ನೋಡಿದರೆ ನಿಮ್ಮ ವಾಕ್ಯಗಳು ಯಾವುವೆಂದು ತಿಳಿಯುತ್ತದೆ. ಅವನ್ನು ಜೊತೆಗಾರರಿಗೂ ಮೊದಲೇ ಹೇಳಿಡಿ.

ರಾತ್ರಿ ಮಲಗುವ ಮುಂಚೆ ಒಂದು ಸಂದೇಶ ಕಳಿಸುವ ಪದ್ಧತಿ ಇಟ್ಟುಕೊಳ್ಳಬಹುದು. ಅದರಲ್ಲಿ ವಿವರಣೆ ಬೇಡ, ಅಂದಿನ ಗ್ರಾಮಿನ ಅಂಕಿ ಒಂದೇ ಸಾಕು. ಎದುರಿನಿಂದಲೂ ಟೀಕೆ ಬೇಡ, ಓದಿದ ಗುರುತು ಬಂದರೆ ಆಯಿತು. ವಾರಕ್ಕೊಮ್ಮೆ ಅರ್ಧ ಗಂಟೆ ಕುಳಿತು ಅಂಕಿಗಳನ್ನು ನೋಡಿ, ಮುಂದಿನ ವಾರದಲ್ಲಿ ಯಾವ ದಿನ ಕಷ್ಟವಾಗಲಿದೆ ಎಂಬುದನ್ನು ಮಾತ್ರ ಚರ್ಚಿಸಬೇಕು. ಮದುವೆ, ಸಂಬಳದ ದಿನ, ಹಳೆಯ ಗೆಳೆಯರ ಭೇಟಿ ಇಂಥವು ಹಠಾತ್ತನೆ ಬರುವುದಿಲ್ಲ. ಅಲ್ಲಿಗೆ ಎಷ್ಟು ಹೊತ್ತಿಗೆ ಹೋಗುವುದು, ಕೈಯಲ್ಲಿ ಏನು ಹಿಡಿದಿರುವುದು, ಎಷ್ಟು ಗಂಟೆಗೆ ಯಾರ ಗಾಡಿಯಲ್ಲಿ ಹೊರಡುವುದು ಎಂಬುದನ್ನು ಮೊದಲೇ ಮಾತಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಬೇಡವೆನ್ನುವ ಮಾತು ಚಿಕ್ಕದಾಗಿರಲಿ. ‘ಹೊಟ್ಟೆ ಸರಿಯಿಲ್ಲ’ ಎಂದರೆ ಎದುರಿನವರು ಔಷಧ ಸೂಚಿಸುತ್ತಾರೆ, ‘ಮಾತ್ರೆ ತಗೊಂಡಿದೀನಿ’ ಎಂದರೆ ಯಾವ ಮಾತ್ರೆ ಎನ್ನುತ್ತಾರೆ; ‘ಇವತ್ತು ಬೇಡ’ ಎಂದು ಹೇಳಿ ಮಾತು ಬದಲಿಸುವುದೇ ಎಲ್ಲಕ್ಕಿಂತ ಸರಳ.

ಮೊದಲ ಒಂದೆರಡು ವಾರ ನಿದ್ರೆ ಕೆಡಬಹುದು. ಮದ್ಯ ಬೇಗ ನಿದ್ರೆ ಬರಿಸಿದರೂ ರಾತ್ರಿಯ ದ್ವಿತೀಯಾರ್ಧದ ನಿದ್ರೆಯನ್ನು ಹಾಳುಮಾಡುತ್ತದೆ. ಅದನ್ನು ತಗ್ಗಿಸಿದಾಗ ದೇಹ ಹೊಸ ಲಯಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಈ ದಿನಗಳ ಸಿಡುಕನ್ನು ಮನೆಯವರು ತಮ್ಮ ಮೇಲಿನ ಕೋಪವೆಂದು ತಿಳಿಯದಂತೆ ಮುಂಚೆಯೇ ಎಚ್ಚರಿಸಿಡಿ.

ಜೊತೆಗಾರರಿಗೆ ಹೇಳಬೇಕಾದುದು

ನೆರವಾಗಲು ಒಪ್ಪಿದವರು ಕಾವಲುಗಾರರಾಗಬೇಕಾಗಿಲ್ಲ. ಚೀಲ ತಡಕುವುದು, ಬಾಟಲಿ ಬಚ್ಚಿಡುವುದು, ಎಲ್ಲರೆದುರು ಆಣೆ ಮಾಡಿಸುವುದು ಇವೆಲ್ಲ ಕುಡಿತವನ್ನು ಕಡಿಮೆ ಮಾಡುವ ಬದಲು ಬಚ್ಚಿಟ್ಟು ಕುಡಿಯುವುದನ್ನು ಕಲಿಸುತ್ತವೆ. ಕುಡಿದಿರುವಾಗ ವಾದ ಬೇಡ. ಕುಡಿಯದ ಸಂಜೆಯನ್ನು ಒಟ್ಟಿಗೆ ನಡೆಯಲು ಹೋಗುವುದರಿಂದಲೋ ಇಷ್ಟವಾದ ಆಟದಿಂದಲೋ ಹಿತವಾಗಿಸುವುದು, ಕುಡಿದಾಗ ಜಗಳವಾಡದೆ ಎದ್ದು ಹೋಗುವುದು, ಕುಡಿತದ ಪರಿಣಾಮಗಳನ್ನು ಮುಚ್ಚಿಹಾಕದಿರುವುದು ಎಂಬ ಮೂರನ್ನು ಹಿಡಿದರೆ ಸಾಕು. ಕುಟುಂಬದವರಿಗೆ ತರಬೇತಿ ಕೊಡುವ ‘ಕ್ರಾಫ್ಟ್’ ಎಂಬ ಚಿಕಿತ್ಸಾ ಪದ್ಧತಿಯ ತಿರುಳೂ ಹೆಚ್ಚುಕಡಿಮೆ ಇದೇ. ಕಚೇರಿಗೆ ಫೋನ್ ಮಾಡಿ ‘ಅವರಿಗೆ ಜ್ವರ’ ಎಂದು ಸುಳ್ಳು ಹೇಳುವುದು ಪ್ರೀತಿಯಿಂದ ಮಾಡುವ ಕೆಲಸವಾದರೂ ಕುಡಿತಕ್ಕೆ ಮಾಡಿದ ಉಪಕಾರವಾಗುತ್ತದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಲೇಬೇಕು. ‘ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಿ, ಕುಡಿತ ಬಿಡಿಸಿ’ ಎಂಬ ಜಾಹೀರಾತುಗಳನ್ನು ನಂಬಿ ಯಾವ ಪುಡಿಯನ್ನೂ, ಮಾತ್ರೆಯನ್ನೂ ಕದ್ದು ಕೊಡಬಾರದು. ಡೈಸಲ್ಫಿರಾಮ್ ಎಂಬ ಔಷಧ ದೇಹದಲ್ಲಿರುವಾಗ ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ರಕ್ತದಲ್ಲಿ ಶೇಖರವಾಗಿ ಮುಖ ಕೆಂಪೇರುವುದು, ವಾಂತಿ, ತೀವ್ರ ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗುತ್ತವೆ. ಹೃದಯದ ತೊಂದರೆ ಇರುವವರಿಗೆ ಪ್ರಾಣಾಪಾಯವೂ ಇದೆ. ಮಾತ್ರೆ ನಿಲ್ಲಿಸಿದ ಮೇಲೂ ಈ ಪರಿಣಾಮ ಎರಡು ವಾರಗಳವರೆಗೆ ಉಳಿಯಬಹುದು. ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳುವವರಿಗೆ ಮಾತ್ರ ಅದು ಔಷಧ. ಹಾಗೆಯೇ ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಕುಡಿತದ ವಿಷಯ ಆಮೇಲಿನದು. ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು.

ಗುಂಪುಗಳು ಮತ್ತು ವೈದ್ಯಕೀಯ ನೆರವು

1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ವ್ಯಾಪಾರದ ಮೇಲೆ ಬಂದಿದ್ದ ಬಿಲ್ ವಿಲ್ಸನ್, ಕೆಲಸ ಕೆಟ್ಟು ಹೋಟೆಲಿನಲ್ಲಿ ಒಬ್ಬರೇ ನಿಂತಿದ್ದಾಗ ಕುಡಿಯುವ ಆಸೆ ಬಲವಾಗಿ, ಬಾರಿಗೆ ಹೋಗುವ ಬದಲು ಅಲ್ಲಿಯ ಚರ್ಚುಗಳಿಗೆ ಫೋನ್ ಮಾಡಿ ತಮ್ಮಂಥ ಇನ್ನೊಬ್ಬ ಕುಡುಕರನ್ನು ಹುಡುಕಿದರು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಬಳಗವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಆ ಭೇಟಿಯಿಂದ. ವಿಲ್ಸನ್ ಆ ದಿನ ಹುಡುಕಿದ್ದು ಉಪದೇಶಕರನ್ನಲ್ಲ. ಅದೇ ಕಷ್ಟ ಕಂಡ ಇನ್ನೊಬ್ಬರ ಜೊತೆ ಮಾತು ಬೇಕಾಗಿತ್ತು. ಇಂದು ಅನೇಕ ದೇಶಗಳಲ್ಲಿ ಇದರ ಸಭೆಗಳು ನಡೆಯುತ್ತವೆ, ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಆದರೆ ಇದರ ಗುರಿ ಪೂರ್ತಿ ಬಿಡುವುದು, ಮಿತಿಯಲ್ಲಿ ಕುಡಿಯುವುದಲ್ಲ. ಕಡಿಮೆ ಮಾಡಲು ಹೊರಟವರಿಗೆ ಅಲ್ಲಿಯ ಮಾತು ಬಿಗಿಯೆನಿಸಬಹುದು. ಆದರೂ ಹೊರಗಿನವರಿಗೆ ಪ್ರವೇಶವಿರುವ ಸಭೆಗೊಮ್ಮೆ ಹೋಗಿ ಕೇಳಿಸಿಕೊಂಡು ಬರುವುದರಿಂದ ನಷ್ಟವಿಲ್ಲ. ಕುಟುಂಬದವರಿಗಾಗಿ 1951ರಲ್ಲಿ ಆರಂಭವಾದ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗವಿದೆ. ಅಲ್ಲಿ ಮನೆಯವರ ಸಂಕಟವೇ ಮುಖ್ಯ ವಿಷಯ, ಕುಡಿಯುವವರು ಬದಲಾಗಲಿ ಬಿಡಲಿ.

ವೈದ್ಯರು ಆಪ್ತಸಮಾಲೋಚನೆಯ ಜೊತೆಗೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳನ್ನು ಸೂಚಿಸಬಹುದು. ನಾಲ್ಟ್ರೆಕ್ಸೋನ್ ಕುಡಿತದಿಂದ ಸಿಗುವ ಸುಖವನ್ನು ಮಂಕಾಗಿಸುವುದರಿಂದ ಕಡಿಮೆ ಮಾಡುವ ಗುರಿಯವರಿಗೂ ಉಪಯುಕ್ತ. ಮಾರ್ಫಿನ್‌ನಂಥ ಓಪಿಯಾಯ್ಡ್ ನೋವುನಿವಾರಕ ಬಳಸುವವರಿಗೆ ಅದು ಸಲ್ಲದು. ಅಕಾಂಪ್ರೊಸೇಟನ್ನು ಹೆಚ್ಚಾಗಿ ಬಿಟ್ಟವರು ಬಿಟ್ಟಂತೆಯೇ ಉಳಿಯಲು ಕೊಡುತ್ತಾರೆ.

ಮಿತಿ ಮೀರಿದ ದಿನ

ಅಂಥ ದಿನ ಬರುತ್ತದೆ. ಅಂದು ಹೆಚ್ಚು ಹಾನಿ ಮಾಡುವುದು ‘ಹೇಗೂ ಕೆಟ್ಟಿತು, ಇವತ್ತು ಪೂರ್ತಿ ಕುಡಿದುಬಿಡೋಣ’ ಎಂಬ ಯೋಚನೆ. ಮಿತಿ 20 ಗ್ರಾಂ ಇದ್ದು 30ಕ್ಕೆ ನಿಂತ ರಾತ್ರಿಗೂ 100ಕ್ಕೆ ಹೋದ ರಾತ್ರಿಗೂ ಯಕೃತ್ತಿನ ಲೆಕ್ಕದಲ್ಲಿ ಬಹಳ ವ್ಯತ್ಯಾಸವಿದೆ. ಮೀರಿದ್ದು ಅರಿವಿಗೆ ಬಂದ ಕೂಡಲೇ ಆ ಜಾಗದಿಂದ ಏಳಿ, ನೀರು ಕುಡಿಯಿರಿ, ಗಾಡಿ ಮುಟ್ಟಬೇಡಿ, ಜೊತೆಗಾರರಿಗೆ ಅಂಕಿ ಕಳಿಸಿ. ಮಾತುಕತೆ ಮರುದಿನ ಬೆಳಿಗ್ಗೆ ನಡೆಯಲಿ. ಆಗ ಜೊತೆಗಾರರು ‘ಯಾಕೆ ಕುಡಿದೆ?’ ಎಂದು ಕೇಳುವುದಕ್ಕಿಂತ ‘ಕುಡಿಯುವ ಒಂದು ಗಂಟೆ ಮುಂಚೆ ಎಲ್ಲಿದ್ದೆ, ಏನು ನಡೆಯಿತು?’ ಎಂದು ಕೇಳುವುದು ಒಳ್ಳೆಯದು. ಮೊದಲನೆಯದಕ್ಕೆ ಕ್ಷಮೆ ಮಾತ್ರ ಉತ್ತರವಾಗಿ ಬರುತ್ತದೆ, ಎರಡನೆಯದಕ್ಕೆ ಮುಂದಿನ ವಾರ ಬದಲಿಸಬಹುದಾದ ಒಂದು ವಿವರ ಸಿಗುತ್ತದೆ.

ಮೂರು ತಿಂಗಳು ಕಳೆದ ಮೇಲೆ ಜೊತೆಗಾರರೊಡನೆ ಕುಳಿತು ಪುಸ್ತಕ ತೆರೆದು ನೋಡಿ. ಅಂಕಿಗಳು ಇಳಿದಿದ್ದು, ಖಾಲಿ ದಿನಗಳು ಖಾಲಿಯಾಗಿಯೇ ಉಳಿದಿದ್ದರೆ ಮಿತಿಯನ್ನು ಇನ್ನೊಂದು ಮೆಟ್ಟಿಲು ಕೆಳಗಿಳಿಸಿ, ಜೊತೆಗಾರರ ಅವಧಿಯನ್ನು ಅವರನ್ನು ಕೇಳಿ ಮುಂದುವರಿಸಿ. ಮಿತಿ ಪದೇ ಪದೇ ಮುರಿಯುತ್ತಿದ್ದರೆ, ಒಂದು ಲೋಟ ಮುಟ್ಟಿದ ಮೇಲೆ ನಿಲ್ಲಿಸುವುದು ಪ್ರತಿ ಬಾರಿಯೂ ಅಸಾಧ್ಯವಾಗುತ್ತಿದ್ದರೆ, ಅಥವಾ ಕಳಿಸುವ ಅಂಕಿಯಲ್ಲಿ ಸುಳ್ಳು ಸೇರತೊಡಗಿದ್ದರೆ, ಕಡಿಮೆ ಮಾಡುವ ಗುರಿ ನಿಮ್ಮ ಮಟ್ಟಿಗೆ ಪೂರ್ತಿ ಬಿಡುವುದಕ್ಕಿಂತ ಕಷ್ಟದ್ದು ಎಂದು ತಿಳಿಯಬೇಕು. ಇದು ಬಹಳ ಜನರಿಗೆ ಆಗುವ ಅನುಭವ. ಆಗ ಆ ಪುಸ್ತಕವನ್ನೇ ತೆಗೆದುಕೊಂಡು ವೈದ್ಯರ ಬಳಿ ಹೋಗಿ; ಸಾಧ್ಯವಾದರೆ ಜೊತೆಗಾರರೂ ಬರಲಿ, ಏಕೆಂದರೆ ಅಲ್ಲಿ ಪ್ರಮಾಣದ ಪ್ರಶ್ನೆ ಬಂದಾಗ ಅಂಕಿಯನ್ನು ತಗ್ಗಿಸಿ ಹೇಳುವ ಆಸೆ ಇನ್ನೊಮ್ಮೆ ತಲೆಯೆತ್ತುತ್ತದೆ.